ಸುತ್ತಿನ ಲೆಕ್ಕ

ಅಂಗಡಿ ಮುಂದ, ಮನಿ ಹಿಂದ,
ನಡುವ ಒಂದು ಪರದೆ.
ಈ ಬದಿಗೆ ನನ್ನ ಗ್ರೀಸಿನ ಬೆರಳು,
ಆ ಬದಿಗೆ ಕಸ್ತೂರಿಯ ಅರಿಷಿಣದ್ದು.
ಹನ್ನೊಂದು ವರ್ಷ ಒಂದ ಅರಿವಿ ಹಿಡದು
ಎರಡೂ ಕಡೆಯಿಂದ ಸರಸಾಕತ್ತೀವಿ.
ತೊಳದರ ಎರಡೂ ಹೋಗಂಗಿಲ್ಲ.

ಮಹಾಲಿಂಗಪುರದಾಗ ಗಾಣದ ಒಲಿ ಹತ್ತಿ
ಬೆಲ್ಲದ ಘಮಲು ಓಣಿಗೆ ಇಳಿಯೂ ಹೊತ್ತಿಗೆ
ನನ್ನ ಬಾಗಲಿಗೆ ಬರೂದು ಸುಟ್ಟ ವಾರ್ನಿಶ್ ನಾತ.
ಲಕ್ಕಪ್ಪ ಮೋಟರ್ ಇಳಸತಾನ, ಜಡ್ಡಾದ ಕೂಸಿನಂಗ,
ಒಮ್ಮೆ ಅದರ ಬೆನ್ನು ಸವರತಾನ:
"ರಾತ್ರಿ ಎರಡಕ್ಕ ತ್ರೀ ಫೇಸ್ ಬಿಡತಾರ,
ಅಷ್ಟರಾಗ ಮುಗಸಪಾ."
ಅಷ್ಟರಾಗ.
ಈ ಶಬ್ದಕ್ಕ ಇನ್ನೂ ಬಡ್ಡಿ ಕಟ್ಟಾಕತ್ತೀನಿ.

ಸಕ್ಕರಿ ಫ್ಯಾಕ್ಟರಿ ಬಿಟ್ಟ ದಿನ
ಓಣಿಗೆಲ್ಲ ಪೇಡೆ ಹಂಚಿದ್ದೆ.
ಇನ್ನ ಭೋಂಗಾ ಊದಿದರ ಓಡೂದಿಲ್ಲ,
ನನ್ನ ಸಾಹೇಬ ನಾನ ಅಂದಿದ್ದೆ.
ಆ ಸಾಹೇಬನ ಪರಿಚಯ ಆಗಿದ್ದು ಆಮ್ಯಾಲೆ.
ಜ್ವರ ಬಂದರೂ ನಂಬಂಗಿಲ್ಲ,
ಅಳಿಯನ ಜವಳಕ್ಕ ಅರ್ಧಾ ದಿನ ಕೇಳಿದರ
ಮಾರಿ ಆ ಕಡೆ ತಿರುವತಾನ.
ಭೋಂಗಾ ಈಗ ಕಿಸೆದಾಗ ಐತಿ,
ಉಣ್ಣೂ ಮುಂದ ಊದತೈತಿ.

ಒಂದು ವರ್ಷ ಹಟ ಹಿಡದು ಬೋರ್ಡ್ ಬರಸಿದೆ:
ಅಮಾಸಿಗೆ ಅಂಗಡಿ ಬಂದ್.
ಅಮಾಸಿಗೆ ಎತ್ತಿಗೂ ರಜಾ, ರೈತಗೂ ರಜಾ.
ರಜಾ ಇದ್ದಾಂವ ಏನ ಮಾಡತಾನ?
ಕೆಟ್ಟ ಮೋಟರ್ ತಗೊಂಡು ನನ್ನ ಕಡೆ ಬರತಾನ.
"ಬೋರ್ಡ್ ಓದಿಲ್ಲೇನೋ ರಜಾಕ?"
"ಓದೀನಪಾ. ಬಂದ್ ಇದ್ದರ
ಗದ್ದಲಿರಂಗಿಲ್ಲ ಅಂತ ಬಂದೆ."

ಕಸ್ತೂರಿ ಸಿಟ್ಟ ಮಾಡಂಗಿಲ್ಲ.
ಒಂದ ಸಲ ಅಂದಿದ್ದಳು, ರೊಟ್ಟಿ ಬಡಿಯೂದು ನಿಲ್ಲಸದ:
"ಕಸ್ತೂರಿ ವೈಂಡಿಂಗ್ ವರ್ಕ್ಸ್ ಅಂತ ಹೆಸರಿಟ್ಟೀರಿ.
ಹಗಲು ರಾತ್ರಿ ಆ ಕಸ್ತೂರಿ ಕೂಡ ಇರತೀರಿ.
ನನಗೂ ಒಂದು ಬೋರ್ಡ್ ಹಚ್ಚರಿ."
ಪರದೆ ಅಳ್ಳಾಡಲಿಲ್ಲ.
ಮತ್ತ ರೊಟ್ಟಿ ಸಪ್ಪಳ.

ಬೋರ್‌ವೆಲ್ ಮೋಟರಿಗೆ ತಂತಿ ಕೈಲೇ ಹಾಕಬೇಕು,
ಒಂದೊಂದು ಗಾಲಿಗೆ ಒಂದೊಂದು ಸುತ್ತು,
ಬಾಯಾಗ ಎಣಸಕೋತ.
ಒಂದು ಸುತ್ತು ತಪ್ಪಿದರ
ನಾನೂರು ಅಡಿ ಕೆಳಗ, ಯಾರದೋ ಬಾವ್ಯಾಗ,
ಅದು ನನ್ನ ಹೆಸರ ಹೇಳಿ ಸುಡತೈತಿ.
ಹಿಂಗಾಗಿ ನೀಲಿ ಪರದೆ ಸರಿಸಿ ಬಂದಾಗ
ನನ್ನ ಬಾಯಾಗ ಅಂಕಿ ಬಿಟ್ಟರ ಮಾತಿಲ್ಲ.

"ಅಪ್ಪಾ, ನಾಳೆ ಸಾಲಿಗೆ ಬರತೀ?"
"ಹದಿನೇಳು."
"ಬರಂಗಿಲ್ಲೇನು?"
"ಹದಿನೆಂಟು."
ನಾಕು ದಿನದಾಗ ಹುಡುಗಿ ಶಾಣ್ಯಾ ಆದಳು,
ಅಂಕಿಗೆ ಒಪ್ಪೂ ಪ್ರಶ್ನೆ ತರಾಕತ್ತಳು.
"ಅಪ್ಪಾ, ನಮ್ಮ ಕೂಡ ಕುಂತು ಉಂಡು
ಎಷ್ಟ ದಿನ ಆತು?"
"ಇಪ್ಪತ್ತಾರು."
ಪರದೆ ಹಿಂದ ಕಸ್ತೂರಿ ನಕ್ಕಳು,
ನಗೂದು ನಡುವ ನಿಂತಿತು.
ರಾತ್ರಿ ಹಾಸಿಗ್ಯಾಗ ಬೆರಳ ಮಡಚಿ ನೋಡಿದೆ.
ಭಾಳೇನು ತಪ್ಪಿರಲಿಲ್ಲ.

ನಿನ್ನೆ ನೀಲಿ ವಾರ್ನಿಶ್ ಡಬ್ಬಿ ಬೋರಲ ಹಾಕಿ
ನನ್ನ ಮುಂದ ಕುಂತಳು.
"ನಾ ಎಣಸತೀನಿ. ನೀ ಮಾತಾಡು."
ತಂತಿ ಎಳದೆ.
"ಒಂದು," ಅಂದಳು.
ಎಳದೆ.
"ಎರಡು."
ಇಷ್ಟು ವರ್ಷ ಅಂಕಿ ಜಗದ ಬಾಯಿ,
ಖಾಲಿ ಆದ ಮ್ಯಾಲೆ
ಬಾಡಿಗಿ ಬಿಟ್ಟ ಮನಿಯಂಗ ಅನಸತು,
ಒಳಗ ಏನ ಇಡಬೇಕು ತಿಳೀಲಿಲ್ಲ.
"ಮೂರು."
ಹೊರಗ ಲಕ್ಕಪ್ಪನ ಗಾಡಿ ಬಂದು ನಿಂತಿತು.
ಏನರೆ ಕೇಳಬೇಕಲ್ಲ ಅಂತ ಕೇಳಿದೆ:
"ಈಗ ನೀ ಎಷ್ಟನೇ ಇಯತ್ತೆವಾ?"

"ನಾಕು," ಅಂದಳು.

ಅದು ಇಯತ್ತೆನೋ, ಸುತ್ತೋ,
ಆಕಿ ಮಾರಿ ನೋಡಿದರ ಗೊತ್ತಾಗಲಿಲ್ಲ.
ಕೇಳಾಕ ನಾಚಿಕಿ ಬಂತು.
ತಂತಿ ಕೈಯಾಗ ಹಂಗ ಹಿಡಕೊಂಡು ಕುಂತೆ,
ಮುಂದಿನದನ್ನ ಆಕಿ ಹೇಳಲಿ ಅಂತ.