ಮೊಟ್ಟೆಯಾದ ವೃತ್ತ

ಕ್ಲಾಕ್ಸ್‌ವಿಕ್ ಬಂದರಿನ ಕಚೇರಿ. ಹಳೆಯ ಚೌಕ ಮಾನಿಟರು,
ತನ್ನಳತೆ ತಾನೇ ಹೇಳಲಾರದ ಮೂಕಿ.
ಲಿನಕ್ಸ್ ಊಹಿಸಿ ಎಳೆದು ಹಾಸಿದೆ ಎಲ್ಲವನ್ನೂ:
ರೇಡಾರಿನ ವೃತ್ತ ಮೊಟ್ಟೆ,
ಎದುರಿನ ಕುನೊಯ್ ದ್ವೀಪ ಉಂಡು ಮಲಗಿದ ಕುರಿ.

“ಹಾನುಸನ ದೋಣಿ ಇಷ್ಟು ಅಗಲವಿಲ್ಲ” ಎಂದಳು ಮರ್ಯುನ್,
ಕೈಗವಸು ಬಿಚ್ಚಿ ಕೀಲಿಮಣೆಗೆ ಕೂತಳು.

ಸಾವಿರದ ಇನ್ನೂರ ಎಂಬತ್ತು, ಸಾವಿರದ ಇಪ್ಪತ್ನಾಲ್ಕು,
ಸೆಕೆಂಡಿಗೆ ಅರವತ್ತು ಸಲ.
ಒಂದು ಸೊನ್ನೆ ಹೆಚ್ಚಾಯಿತು; ಪರದೆ ಕಪ್ಪು.
ಆ ಕಪ್ಪಿನಲ್ಲಿ ಅವಳದೇ ಮುಖ, ಬೆನ್ನ ಹಿಂದಿನ ಕಿಟಕಿ,
ಕಿಟಕಿಯಲ್ಲಿ ಹಾನುಸನ ದೋಣಿ,
ಎಡಬಲ ತಿರುಗಿ,
ಅಳತೆ ಮಾತ್ರ ಸರಿಯಾಗಿ.

ಹದಿನೈದು ಎಣಿಸಿದಳು. ಮೊಟ್ಟೆ ಮರಳಿತು.
ಮತ್ತೆ ಬರೆದಳು. ಈಗ ವೃತ್ತ ವೃತ್ತವೇ.
ಬಲದಂಚಿಗೊಂದು ಕರಿಗೆರೆ ಉಳಿಯಿತು,
ಉಗುರ ಸಂದಿನ ಕೊಳೆಯಷ್ಟು.
ಇರಲಿ, ಅಂದಳು; ಕಾಫಿಗೆ ನೀರಿಟ್ಟಳು.