ಹದಿನಾಲ್ಕು ಪಾಯಿಂಟ್ ಎರಡು

ಮೊದಲ ಸಲ ಬಂದದ್ದು ಅವಳಲ್ಲ, ಅವಳವ್ವ.
ಸೆರಗಿನಡಿ ಪುಟ್ಟ ಬಾಟಲಿ, ದನಿ ಅದಕ್ಕಿಂತ ಪುಟ್ಟದು:
'ಹೆಸ್ರು ಬರೀಬ್ಯಾಡಿ ಮೇಡಂ. ಬೀದೀಲಿ ತಿಂಗ್ಳು ಎಣುಸ್ತಾವ್ರೆ.'
ಪಟ್ಟಿಯ ಮೇಲೆ ಮೂರು ಹನಿ. ಐದು ನಿಮಿಷ.
ಒಂದೇ ಗೆರೆ.
ಆಕೆ ನಕ್ಕಳು. ನಾನೂ ನಕ್ಕೆ.
ಹಾಗಾದರೆ ಹೊಟ್ಟೆಯಲ್ಲಿರುವುದು ಏನು ಎಂದು
ಆಕೆಯೂ ಕೇಳಲಿಲ್ಲ, ನಾನೂ.

ತಿಂಗಳ ಮೇಲೆ ಮಗಳೇ ಬಂದಳು. ಇಂಪನ, ಇಪ್ಪತ್ಮೂರು,
ಮದ್ದೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಕೈಯಲ್ಲಿ ಎರಡು ಲೀಟರಿನ ಬಾಟಲಿ, ಅರ್ಧ ಖಾಲಿ.
'ಎಷ್ಟ್ ಕುಡುದ್ರೂ ನಾಲ್ಗೆ ಒಣಗ್ತದೆ.
ಎದ್ದೋದಾಗೆಲ್ಲ ಸೂಪರ್‌ವೈಸರು ಚೀಟೀಲಿ ಗೆರೆ ಎಳೀತಾನೆ.
ಗ್ಯಾಸ್ ಅಂದ್ರು. ಮದ್ವೆ ಆದ್ರೆ ಸರೋಯ್ತದೆ ಅಂದ್ರು.'
ನಾಲೆ ತುಂಬಿ ಹರಿಯುವ ಊರಿನಲ್ಲಿ
ಇಷ್ಟು ಬಾಯಾರಿದವಳನ್ನು ನಾನು ನೋಡಿರಲಿಲ್ಲ.

ಮಂಡ್ಯದಲ್ಲಿ ಮೊದಲ ಅನುಮಾನ ಸಕ್ಕರೆಯ ಮೇಲೆ.
ಸಕ್ಕರೆ ನೆಟ್ಟಗಿತ್ತು.
ಡಾಕ್ಟರ್ ತಬಸ್ಸುಮ್ ಚೀಟಿಯ ಕೊನೆಗೆ
ಏನೋ ನೆನಪಾದಂತೆ ಗೀಚಿದ್ದರು: ಕ್ಯಾಲ್ಸಿಯಂ.
ಯಂತ್ರ ಹೇಳಿತು, ಹದಿನಾಲ್ಕು ಪಾಯಿಂಟ್ ಎರಡು.
ಯಂತ್ರಕ್ಕೆ ಬೈದೆ. ರೀಏಜೆಂಟ್ ಬದಲಿಸಿದೆ.
ನನ್ನದೇ ರಕ್ತ ಎಳೆದು ಪಕ್ಕದಲ್ಲಿಟ್ಟೆ:
ನನಗೆ ಒಂಬತ್ತು. ಅವಳಿಗೆ ಮತ್ತದೇ.
ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ
ಯಂತ್ರ ಕೆಟ್ಟಿರಲಿ ಎಂದು ದೇವರನ್ನು ಬೇಡಿದೆ.

ಡಾಕ್ಟರು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು.
'ಪರೀಕ್ಷೆಗೆ ಓದಿದ್ದೆ' ಅಂದರು. 'ನೋಡಿಲ್ಲ.'
ಸ್ಕ್ಯಾನು: ಎಡ ಅಂಡಾಶಯದಲ್ಲಿ ಸುಲಿದ ತೆಂಗಿನಕಾಯಿ ಗಾತ್ರ.
ಆಮೇಲೆ ಮೈಸೂರು, ಆಪರೇಷನ್, ಗಾಜಿನ ಮೇಲೆ ತೆಳ್ಳನೆ ಚೂರು,
ಫಾರಮ್ಮಿನ ಒಂದು ಸಾಲಲ್ಲಿ ಹಿಡಿಸದ ಕ್ಯಾನ್ಸರಿನ ಹೆಸರು,
ಆ ಹೆಸರಿನ ಬಾಲದಲ್ಲಿ ನನ್ನ ಕ್ಯಾಲ್ಸಿಯಂ.

'ಅದೇನದು, ಕ್ಯಾಲ್ಸಿಯಂ?' ಅವ್ವ ಕೇಳಿದಳು.
ಬಾಯಿತಪ್ಪಿ ಅಂದೆ, ಸುಣ್ಣ ಅನ್ಕೊಳಿ.
ಎಲೆಯಡಿಕೆ ಅಗಿಯುತ್ತಿದ್ದ ದವಡೆ ನಿಂತಿತು.
'ನಾನ್ ತಿಂದ ಸುಣ್ಣವಾ? ಬಸುರೀಲೂ ಬಿಟ್ಟಿರ್ನಿಲ್ಲ.'
ಅಲ್ಲ ಕಣಮ್ಮ, ಅಲ್ಲ, ಎಷ್ಟೋ ಸಲ ಅಂದೆ.
ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು
ಕೌಂಟರಿನ ಮೇಲಿಟ್ಟು ಹೋದಳು.
ನನ್ನ ಡ್ರಾಯರಿನಲ್ಲಿದೆ, ಹತ್ತಿ ಉಂಡೆಗಳ ನಡುವೆ.

ಇವತ್ತು ಮೂರನೇ ಕೀಮೋ ಮುಗಿಸಿ ಇಂಪನ ಬಂದಿದ್ದಾಳೆ,
ತಲೆಗೆ ಸ್ಕಾರ್ಫು. ಬಾಟಲಿ ತಂದಿಲ್ಲ.
ನರ ಸಿಗದೆ ಎರಡು ಸಲ ಚುಚ್ಚಿದೆ.
'ಎಷ್ಟ್ ಬಂದ್ರೆ ಒಳ್ಳೇದು?'
ಒಂಬತ್ತು, ಅಂದೆ. ನನ್ನಷ್ಟು.
ಯಂತ್ರ ತಿರುಗುತ್ತಿದೆ.
'ಒಂದ್ಲೋಟ ನೀರ್ ಕೊಡ್ತೀರಾ?'
ನಾನು ತಿರುಗಿದ ರೀತಿಗೆ ಅವಳೇ ಬೆಚ್ಚಿದಳು.
'ಬಿಸ್ಲು ಮೇಡಂ. ಬಿಸ್ಲಿಗೆ ಅಷ್ಟೆ.'