ಕಾಂಟಾದ ಮಾನ

ನೋಟಿಸಿನಲ್ಲಿ ಹನ್ನೊಂದು ವಾಕ್ಯಗಳು,
ಎಲ್ಲ ಇಂಗ್ಲಿಷಿನಲ್ಲಿ, ಇಸ್ತ್ರಿ ಹೊಡೆದ ಹಾಗೆ.
ಆಡಿದಾಕೆ ನನ್ನ ಟೇಬಲ್ಲಿನ ಎದುರಿಗೇ ಕೂತಿದ್ದಳು:
ಲಾಲಬಿ, ತೊಗರಿ ಹಸನು ಮಾಡುವಾಕೆ,
ಕಲಬುರಗಿ ಗಂಜಿನ ಹಿಂದಿನ ಮಿಲ್ಲಿನಲ್ಲಿ ಹದಿನಾರು ವರ್ಷ,
ಹುಬ್ಬಿನ ಮೇಲೆ ಇನ್ನೂ ಹೊಟ್ಟಿನ ಧೂಳು.

ಓದಿ ಹೇಳಿದೆ. "ಇದು ನಂದಲ್ರೀ," ಅಂದಳು.
"ಗೇಟಿನ ಮುಂದ ಮೈಕ್ ಹಿಡಿದು ನಾ ಅಂದಿದ್ದು:
ಈ ಕಾಂಟಾ ಮಾಲಕರ ಉಪ್ಪು ಉಂಡದ."
ಅವರ ಭಾಷಾಂತರದಲ್ಲಿ ಅದು
'ಕಂಪನಿ ತೂಕದಲ್ಲಿ ವಂಚಿಸುತ್ತದೆ' ಆಗಿತ್ತು.
ಉಪ್ಪೆಲ್ಲಿ, ವಂಚನೆ ಎಲ್ಲಿ.
ನಡುವೆ ಇಪ್ಪತ್ತೈದು ಲಕ್ಷ ರೂಪಾಯಿ.

ವಕೀಲ ದೇಶಮುಖರು ಕನ್ನಡಕ ತೆಗೆದರು.
"ವ್ಯಂಗ್ಯದಾಗ ಅಂದ್ರೂ ಅಂದಂಗೇ, ತಂಗಿ.
ಕೇಳಿದ ಮಂದಿಗೆ ಏನು ತಿಳೀತು,
ಕಾಯ್ದೆ ಅದನ್ನ ನೋಡ್ತದ."

"ಕಂಪನಿಗೆ ಮಾರಿ ಇಲ್ಲ, ಅವ್ವ ಇಲ್ಲ,
ಮದುವಿಗಿ ಬಂದ ಮಗಳಿಲ್ಲ.
ಅದಕ್ಕೆಲ್ಲಿಂದ ಬಂತ್ರಿ ಮಾನ?"

"ಹೆಸರದಲ್ಲ. ಹೆಸರಿದ್ದಲ್ಲಿ ಮಾನ ಅದ."

"ಹೆಸರು ಅಂದ್ರ ನಾ ಕಾಳು ಅಂದ್ಕೊಂಡಿದ್ದೆ,"
ಅಂದು ಲಾಲಬಿ ಒಬ್ಬಳೇ ನಕ್ಕಳು.

ಎಂಟನೇ ವಾಕ್ಯಕ್ಕೆ ನನ್ನ ಬೆರಳು ನಿಂತವು.
'ಮಾಪಣ್ಣನ ಹೆಬ್ಬಟ್ಟು ಎರಡು ಕಿಲೋ ಅದ.'
ಮಾಪಣ್ಣ ಕಾಂಟಾದ ಮೇಲಿನ ಗುಮಾಸ್ತ,
ಕಂಪನಿಯ ಕೆಳಗೆ ಎರಡನೇ ಫಿರ್ಯಾದಿ.
ನಿನ್ನೆ ಸಂಜೆ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ,
ಬರಬಾರದಾಗಿತ್ತು, ಬಂದಿದ್ದ.
"ನನಗ ಲಕ್ಷ ಬ್ಯಾಡ ಮೇಡಂ. ಸಹಿ ಮಾಡು ಅಂದ್ರು, ಮಾಡೀನಿ.
ಆದರ ಚಹಾದಂಗಡ್ಯಾಗ ಹುಡುಗರು
ಹೆಬ್ಬಟ್ಟು ಎತ್ತಿ ತೋರಿಸಿ ನಗ್ತಾರ."
ಮಾತಾಡುವಷ್ಟು ಹೊತ್ತೂ ಅದನ್ನು
ಮುಷ್ಟಿಯೊಳಗೆ ಮಡಚಿಟ್ಟುಕೊಂಡಿದ್ದ.
ಈ ಮಾತು ನಾನು ಯಾರಿಗೂ ಹೇಳಿಲ್ಲ.

"ಖರೇ ಅಂತ ತೋರಿಸಿದ್ರ ಸಾಕೇನ್ರಿ?"
"ಖರೇನೂ ಇರಬೇಕು, ಹತ್ತು ಮಂದಿ ಹಿತಾನೂ ಇರಬೇಕು.
ತೋರಿಸೋ ಭಾರ ನಿನ್ನ ಮ್ಯಾಲ."

ಆಗ ಆಕೆ ಮೊಮ್ಮಗಳ ಕಥೆ ತೆಗೆದಳು.
ಒಂದು ಅಮಾವಾಸ್ಯೆ, ಮಿಲ್ಲು ಬಂದ್ ಇದ್ದ ದಿನ,
ಕೂಸನ್ನು ಕಾಂಟಾದ ಮೇಲೆ ಕೂಡಿಸಿದ್ದಳಂತೆ.
ಅಂಗನವಾಡಿಯಲ್ಲಿ ಹದಿನಾಲ್ಕು ಕಿಲೋ,
ಇಲ್ಲಿ ಹನ್ನೆರಡು.
"ದಾರ್‍ಯಾಗ ಎರಡು ಕಿಲೋ ಕೂಸು ಎಲ್ಲಿ ಇಳೀತ್ರಿ?"

ದೇಶಮುಖರು ಬರೆದುಕೊಂಡರು, ಹೊಡೆದು ಹಾಕಿದರು.
ಕೂಸು ಸರ್ಕಾರಿ ಮುದ್ರೆಯ ತೂಕದ ಕಲ್ಲಲ್ಲ.

ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.
ಫ್ಯಾನಿನ ಕಡೆ ನೋಡುತ್ತ ಲಾಲಬಿ ಅಂದಳು:
"ದಿನಾ ಸಂಜೀಕ ಗೇಟಿನಾಗ ಸೆರಗು ಝಾಡಿಸಿ ನೋಡ್ತಾರ,
ಒಂದು ಹಿಡಿ ಬ್ಯಾಳಿ ಇಟ್ಕೊಂಡೀನೇನು ಅಂತ.
ಹದಿನಾರು ವರ್ಷ. ಎಲ್ಲರ ಮುಂದ.
ಬಾಯಿ ಬಿಟ್ಟು ಒಂದು ಮಾತೂ ಅನ್ನಂಗಿಲ್ಲ.
ಅದನ್ನ ಯಾವ ಭಾಷಾದಾಗ ಬರೀತೀರಿ?"

ದೇಶಮುಖರು ಪುಸ್ತಕದ ಕಡೆ ಕೈ ಚಾಚಿದರು,
ಪುಟ ತಿರುವಿದರು, "ಸನ್ನಿ ಮಾಡಿ ತೋರಿಸಿದ್ರೂ..." ಅಂದರು,
ಆಮೇಲೆ "ಅದು ಬ್ಯಾರೆ ಕೇಸು" ಅಂದರು.

ನಾನು ನಿಘಂಟು ತೆರೆದೆ.
ಮಾನ: ಮರ್ಯಾದೆ. ಕೆಳಗೇ, ಮಾನ: ಅಳತೆ.
ಇಂಗ್ಲಿಷಿನಲ್ಲಿ ಇವಕ್ಕೆ ಎರಡು ಬೇರೆ ಮನೆ,
ನಮ್ಮಲ್ಲಿ ಒಂದೇ ಹೊಸ್ತಿಲು.
ಉತ್ತರದಲ್ಲಿ ಇದನ್ನು ಎಲ್ಲಿ ಸೇರಿಸಲಿ?
ಸೇರಿಸಲಿಲ್ಲ. 'ನನ್ನ ಕಕ್ಷಿದಾರಳು
ಪ್ರಾಮಾಣಿಕ ಅಭಿಪ್ರಾಯವನ್ನಷ್ಟೇ' ಎಂದು ಟೈಪಿಸಿದೆ,
ಎಂಟನೆಯದಕ್ಕೆ 'ನಿರಾಕರಿಸಲಾಗಿದೆ' ಎಂದೆ,
ಯಾವುದನ್ನು ಎಂದು ನನಗೇ ಗೊತ್ತಿರಲಿಲ್ಲ.

ಅಂಚೆ ಕಚೇರಿಗೆ ನನ್ನ ಜೊತೆಗೇ ಬಂದಳು.
ಗುಮಾಸ್ತ ಲಕೋಟೆಯನ್ನು ಸಣ್ಣ ಕಾಂಟಾದ ಮೇಲಿಟ್ಟ.
ಕೆಂಪು ಅಂಕಿ ನಡುಗಿ ನಿಂತಿತು: ನಲವತ್ತೆರಡು ಗ್ರಾಂ.
ಲಾಲಬಿ ಕಿಂಡಿಯೊಳಗೆ ತಲೆ ಬಗ್ಗಿಸಿ,
ತುಸು ಗಟ್ಟಿಯಾಗಿಯೇ ಕೇಳಿದಳು:
"ಇದು ಖರೇ ಹೇಳ್ತದೇನ್ರೀ?"

ನಾನು ತಟ್ಟನೆ ಹಿಂದೆ ತಿರುಗಿ ನೋಡಿದೆ,
ಸಾಲಿನಲ್ಲಿ ಯಾರ್‍ಯಾರು ನಿಂತಿದ್ದಾರೆ ಎಂದು.